ಆಯಿಯ ಮೂಗಿಗೆ ‘ಕರೆಂಟ್’ ಕೊಡಿಸುವುದಾ, ಕುಯ್ಯಿಸುವುದಾ?

ಆಗರದ ಮಗಳು, ಕುಮಟಾ
ಸೋಮವಾರ ರಾತ್ರಿ 9:40

ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೈಯಬೇಡಿ.

ನಮ್ಮ ಆಯಿಗೆ, ಅಂದರೆ ಅಮ್ಮನಿಗೆ, 76 ವರ್ಷ. ಸಾಣಿಕಟ್ಟೆಯ ಉಪ್ಪಿನ ಆಗರದಲ್ಲಿ ಮೂವತ್ತು ವರ್ಷ ದುಡಿದವಳು. ಮೇಲಿನಿಂದ ಬಿಸಿಲು, ಕೆಳಗಿನಿಂದ ಉಪ್ಪಿಗೆ ಬಡಿದು ಮುಖಕ್ಕೇ ಹೊಡೆಯುವ ಬಿಸಿಲು. ಮೂಗಿನ ಎಡಗಡೆ, ಮೂಗುತಿಗಿಂತ ಒಂದು ಭತ್ತದ ಕಾಳಿನಷ್ಟು ಮೇಲೆ, ಒಂದು ಕಪ್ಪು ಗುಳ್ಳೆ ಇತ್ತು. ಮಚ್ಚೆ ಅಂತ ಸುಮ್ನೆ ಬಿಟ್ಟಿದ್ದೆವು. ಎರಡು ವರ್ಷದಿಂದ ಅದರದ್ದು ಒಂದೇ ಆಟ. ಮುಖ ಒರೆಸಿದರೆ ಸೆರಗಿಗೆ ಒಂದು ಚುಕ್ಕೆ ರಕ್ತ, ಮಾರನೇ ದಿನ ಹಕ್ಕಳೆ, ಎಂಟು ದಿನಕ್ಕೆ ಹಕ್ಕಳೆ ಉದುರಿ ಮತ್ತೆ ರಕ್ತ. ನೋವಿಲ್ಲ, ತುರಿಕೆ ಇಲ್ಲ. ನೋವಿಲ್ಲದ್ದಕ್ಕೆ ನಮ್ಮ ಕಡೆ ಯಾರು ಡಾಕ್ಟರ ಹತ್ತಿರ ಹೋಗುತ್ತಾರೆ ಹೇಳಿ.

ಕಳೆದ ತಿಂಗಳು ಅಂತೂ ಬಯಾಪ್ಸಿ ಆಯಿತು. ಬೇಸಲ್ ಸೆಲ್ ಕಾರ್ಸಿನೋಮಾ, ಚರ್ಮದ ಕ್ಯಾನ್ಸರಿನ ಒಂದು ಜಾತಿ. ಅಗಲ ಒಂದೂವರೆ ಸೆಂಟಿಮೀಟರ್. ಡಾಕ್ಟರು ಎರಡು ದಾರಿ ಹೇಳಿದರು. ಒಂದು, ಕುಯ್ದು ತೆಗೆದು ಹಣೆಯ ಚರ್ಮವನ್ನೇ ಕೆಳಗೆ ತಿರುಗಿಸಿ ಮೂಗಿಗೆ ಹೊಲಿಯುವುದು, ಅದೂ ಎರಡು ಕಂತಿನಲ್ಲಿ. ಇನ್ನೊಂದು ರೇಡಿಯೇಶನ್, 20 ಸಿಟ್ಟಿಂಗ್, ವಾರಕ್ಕೆ ಐದು. ಆಯಿಗೆ ಹಾರ್ಟಿನ ತೊಂದರೆ ಇದೆ, ರಕ್ತ ತೆಳು ಮಾಡುವ ಮಾತ್ರೆ ನಡೆಯುತ್ತಿದೆ.

ವಾರ್ಡಿನಲ್ಲಿ ಯಾರೋ ‘ಕರೆಂಟ್ ಕೊಡುತ್ತಾರೆ’ ಅಂದುಬಿಟ್ಟರು. ಅವತ್ತಿನಿಂದ ಆಯಿ ಸರಿಯಾಗಿ ಉಣ್ಣುತ್ತಿಲ್ಲ. ಪಕ್ಕದ ಮನೆಯವರು ಬೇರೆ, ಮೊಮ್ಮಗನನ್ನು ಹತ್ತಿರ ಸೇರಿಸಬೇಡಿ, ಮೈಯಿಂದ ಕಿರಣ ಬರುತ್ತದೆ ಅನ್ನುತ್ತಿದ್ದಾರೆ. ನಿಮ್ಮ ಮನೆಯಲ್ಲಿ ಯಾರಿಗಾದರೂ ಚರ್ಮದ ಕ್ಯಾನ್ಸರಿಗೆ ಇದನ್ನು ಕೊಡಿಸಿದ್ದೀರಾ? ಸುಡುತ್ತದಾ?

ಬೇಲೆಕೇರಿ ಬಂದರು
ಸೋಮವಾರ ರಾತ್ರಿ 9:52

ಕರೆಂಟೂ ಇಲ್ಲ, ಶಾಕೂ ಇಲ್ಲ. ಎಕ್ಸರೇ ತೆಗೆಸಿಕೊಂಡ ಹಾಗೆ. ಆಯಿಗೆ ಮೊದಲು ಊಟ ಮಾಡಿಸಿ.

ತೋಟಪಟ್ಟಿ, ಶಿರಸಿ
ಸೋಮವಾರ ರಾತ್ರಿ 10:31

ನಮ್ಮ ಅಪ್ಪಯ್ಯನಿಗೆ ಕೊಡಿಸಿದ್ದೇವೆ. ಕಿವಿಯ ಅಂಚಿನಲ್ಲಿ ಆಗಿತ್ತು, ಆಗ ಅವರಿಗೆ 81. ಅವರದ್ದು ಸ್ಕ್ವೇಮಸ್ ಸೆಲ್, ನಿಮ್ಮ ಆಯಿಯದ್ದಕ್ಕಿಂತ ಸ್ವಲ್ಪ ಜೋರಿನ ಜಾತಿ. ಬೇಸಲ್ ಸೆಲ್ ಬೇರೆ ಕಡೆ ಹರಡುವುದು ಬಹಳ ಅಪರೂಪ, ಇದ್ದಲ್ಲೇ ಅಗಲ ಆಗುತ್ತಾ, ಆಳ ಆಗುತ್ತಾ ತಿನ್ನುತ್ತದೆ. ಸ್ಕ್ವೇಮಸ್ ಕುತ್ತಿಗೆಯ ಗಂಟಿಗೆ ಹೋಗಬಹುದು, ಅದಕ್ಕೇ ಅವರ ಕುತ್ತಿಗೆಯನ್ನೂ ತಡವಿ ನೋಡುತ್ತಿದ್ದರು.

ಹೇಗೆ ಮಾಡಿದರು ಅಂತ ಹೇಳುತ್ತೇನೆ, ಆಯಿಗೆ ಓದಿ ಹೇಳಿ. ಮೊದಲ ದಿನ ಕಿರಣ ಕೊಡಲೇ ಇಲ್ಲ. ಬರೀ ಅಳತೆ. ರೊಟ್ಟಿಯ ಅಗಲದ ಬಿಳಿ ಪ್ಲಾಸ್ಟಿಕ್ ಹಾಳೆ, ತುಂಬಾ ತೂತು ಇರುವುದು, ಅದನ್ನು ಬಿಸಿನೀರಿನ ತೊಟ್ಟಿಯಲ್ಲಿ ಅದ್ದಿದರು. ಮೆತ್ತಗಾದ ಮೇಲೆ ತೆಗೆದು ಅಪ್ಪಯ್ಯನ ಮುಖದ ಮೇಲೆ ಹಾಸಿ, ಗಲ್ಲ, ಮೂಗು, ಹಣೆ ಎಲ್ಲ ಕೈಯಿಂದ ಒತ್ತಿದರು. ಐದಾರು ನಿಮಿಷಕ್ಕೆ ಅದು ಗಟ್ಟಿಯಾಗಿ ಮುಖದ ಅಚ್ಚೇ ಆಯಿತು. ನಮ್ಮ ಕಡೆಯ ಯಕ್ಷಗಾನದ ಬಣ್ಣದ ವೇಷದವರು ಮುಖ ಕಟ್ಟಿಸಿಕೊಂಡು ಕೂತ ಹಾಗೆ ಅಪ್ಪಯ್ಯ ಅಲ್ಲಾಡದೆ ಮಲಗಿದ್ದರು. ದಿನಾ ಅದೇ ಮುಖವಾಡ ಹಾಕಿ ಮಲಗಿಸುವುದು, ತಲೆ ಒಂದು ಎಳೆಯೂ ಆಚೀಚೆ ಆಗಬಾರದು ಅಂತ. ಕಿವಿಯ ಹಿಂದೆ ಒಂದು ತುಂಡು ಮೇಣ ಇಟ್ಟು, ಮೇಲೊಂದು ಸೀಸದ ತಗಡು. ತಗಡಿನ ನಡುವೆ ಕಿವಿಯ ಅಂಚಿನಷ್ಟೇ ಕತ್ತರಿಸಿದ ಕಿಂಡಿ. ಕಿಂಡಿಯಲ್ಲಿ ಕಾಣುವ ಜಾಗಕ್ಕೆ ಮಾತ್ರ ಮದ್ದು.

ಕಿರಣ ಬೀಳುವುದು ಎರಡು ಮೂರು ನಿಮಿಷ. ಏನೂ ಗೊತ್ತಾಗುವುದಿಲ್ಲ. ಅಪ್ಪಯ್ಯ ಮೊದಲ ದಿನ ಹೊರಗೆ ಬಂದು ‘ಯಾವಾಗ ಶುರು ಮಾಡ್ತಾರಂತೆ?’ ಅಂತ ಕೇಳಿದರು.

ಸುಡುತ್ತದಾ ಅಂತ ಕೇಳಿದಿರಿ. ಹೌದು, ಆದರೆ ನಿಧಾನಕ್ಕೆ. ಎರಡನೇ ವಾರದ ಕೊನೆಗೆ ಕೆಂಪಾಯಿತು. ಮೂರನೇ ವಾರ ಸಿಪ್ಪೆ ಎದ್ದು ನೀರು ಜಿನುಗಿತು. ನಾಲ್ಕನೇ ವಾರ ಮುಗಿಸಿ ಮನೆಗೆ ಬಂದ ಮೇಲೆ ಇನ್ನೂ ಜಾಸ್ತಿ ಆಯಿತು, ನಾವು ಹೆದರಿ ಫೋನ್ ಮಾಡಿದೆವು, ಅವರು ‘ಹಾಗೇ ಆಗುವುದು, ಮುಗಿದ ಮೇಲೂ ಒಂದೆರಡು ವಾರ ಏರಿ ಆಮೇಲೆ ಇಳಿಯುತ್ತದೆ’ ಅಂದರು. ಸರಿಯಾಗಿ ಒಂದೂವರೆ ತಿಂಗಳಿಗೆ ಹಕ್ಕಳೆ ಉದುರಿ ಕೆಳಗೆ ಎಳೆ ಚರ್ಮ ಬಂದಿತ್ತು. ಈಗ ಐದನೇ ವರ್ಷ. ಆ ಜಾಗ ಬಿಳಚಿಕೊಂಡಿದೆ, ಅಲ್ಲಿ ಕೂದಲು ಬರುವುದಿಲ್ಲ. ಕಿವಿಯಲ್ಲಿ ಕೂದಲು ಬರದಿದ್ದರೆ ಯಾರಿಗೆ ಏನು ನಷ್ಟ ಅಂತ ಅವರೇ ನಗುತ್ತಾರೆ.

ಊರಮದ್ದು
ಸೋಮವಾರ ರಾತ್ರಿ 11:05

ಇಷ್ಟಕ್ಕೆಲ್ಲ ಊರೂರು ತಿರುಗಬೇಕಾ? ಗೇರುಬೀಜದ ಸಿಪ್ಪೆಯ ಎಣ್ಣೆ ಕಡ್ಡಿಯಲ್ಲಿ ಮೂರು ದಿನ ಮುಟ್ಟಿಸಿದರೆ ಎಂಥಾ ನರಹುಲಿಯೂ ಕಪ್ಪಾಗಿ ಉದುರುತ್ತದೆ. ನಮ್ಮ ಅಜ್ಜಿ ನೂರು ಜನಕ್ಕೆ ಮಾಡಿದ್ದಾಳೆ. ಖರ್ಚು ಸೊನ್ನೆ.

ಹೊನ್ನಾವರದ ನರ್ಸಮ್ಮ
ಸೋಮವಾರ ರಾತ್ರಿ 11:11

ದಯವಿಟ್ಟು ಬೇಡ. ಗೇರೆಣ್ಣೆ ಚರ್ಮವನ್ನು ಸುಡುತ್ತದೆ, ಮೇಲಿನ ಗುಳ್ಳೆ ಸುಟ್ಟು ಉದುರುತ್ತದೆ, ಎಲ್ಲ ಸರಿಯಾಯಿತು ಅಂತ ಕಾಣುತ್ತದೆ. ಕೆಳಗಿನ ಬೇರು ಹಾಗೇ ಇರುತ್ತದೆ, ಕಲೆಯ ಅಡಿಯಲ್ಲಿ ಅಡಗಿ ಬೆಳೆಯುತ್ತದೆ. ಹೀಗೆ ಸುಟ್ಟುಕೊಂಡು ಎರಡು ವರ್ಷ ಬಿಟ್ಟು ಬಂದವರೊಬ್ಬರ ಮೂಗಿನ ಒಂದು ಹೊರಳೆಯೇ ಹೋಗಿತ್ತು, ನಾನೇ ಡ್ರೆಸ್ಸಿಂಗ್ ಮಾಡಿದ್ದೇನೆ. ನರಹುಲಿಗೆ ನಿಮ್ಮ ಅಜ್ಜಿ ಮಾಡಿದ್ದು ಇರಬಹುದು. ನೂರು ಜನದಲ್ಲಿ ಎಷ್ಟು ಜನಕ್ಕೆ ಬಯಾಪ್ಸಿ ಆಗಿತ್ತು?

ಊರಮದ್ದು
ಸೋಮವಾರ ರಾತ್ರಿ 11:20

ಆಗ ಬಯಾಪ್ಸಿ ಎಲ್ಲಿತ್ತು ಅಕ್ಕಾ.

ಹೊನ್ನಾವರದ ನರ್ಸಮ್ಮ
ಸೋಮವಾರ ರಾತ್ರಿ 11:21

ಅದನ್ನೇ ನಾನೂ ಹೇಳಿದ್ದು.

ಮೆಷಿನ್ ರೂಮು
ಮಂಗಳವಾರ ಬೆಳಿಗ್ಗೆ 6:15

ನಾನು ರೇಡಿಯೇಶನ್ ಮೆಷಿನ್ ಓಡಿಸುವವನು. ಊರು ಅಂಕೋಲೆ, ಕೆಲಸ ಬೇರೆ ಕಡೆ. ಡಾಕ್ಟರ್ ಅಲ್ಲ, ಹಾಗಾಗಿ ಆಯಿಗೆ ಯಾವುದು ಒಳ್ಳೆಯದು ಅಂತ ನಾನು ಹೇಳುವುದಿಲ್ಲ. ಆದರೆ ದಿನಾ ಕೇಳುವ ಪ್ರಶ್ನೆಗಳಿವು, ಅದಕ್ಕೇ ಬರೆಯುತ್ತೇನೆ.

ಮೊಮ್ಮಗನ ವಿಷಯ ಮೊದಲು. ಹೊರಗಿನಿಂದ ಕೊಡುವ ರೇಡಿಯೇಶನ್ ಬ್ಯಾಟರಿ ದೀಪದ ಬೆಳಕಿನಂತೆ. ಸ್ವಿಚ್ ಆರಿಸಿದರೆ ಮುಗಿಯಿತು, ಮೈಯಲ್ಲಿ ಏನೂ ಉಳಿಯುವುದಿಲ್ಲ. ಆಯಿ ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಡುಬು ತಿನ್ನಿಸಬಹುದು.

ಎರಡನೆಯದು, ತಲೆಯ ಒಳಗೆ ಹೋಗಿ ಮೆದುಳು ಸುಡುತ್ತದಾ ಅಂತ ಕೇಳುತ್ತಾರೆ. ಚರ್ಮಕ್ಕೆ ಹೆಚ್ಚಾಗಿ ಎಲೆಕ್ಟ್ರಾನ್ ಕಿರಣ ಬಳಸುತ್ತೇವೆ. ಅದರ ಗುಣವೇ ಹೆಚ್ಚು ದೂರ ಹೋಗದಿರುವುದು. 6 ಎಂಇವಿ (ಕಿರಣದ ಶಕ್ತಿಯ ಅಳತೆ) ಎಲೆಕ್ಟ್ರಾನ್ ಅಂದರೆ ಸುಮಾರು 3 ಸೆಂಟಿಮೀಟರಿಗೆ ಅದರ ಕಥೆ ಮುಗಿಯಿತು, ಕೆಲಸಕ್ಕೆ ಬರುವ ಡೋಸು ಮೊದಲ ಒಂದೂವರೆ ಎರಡು ಸೆಂಟಿಮೀಟರಿನಲ್ಲೇ ಸಿಗುತ್ತದೆ. ಹೊಟ್ಟೆ, ಎದೆಗೆ ಕೊಡುವ ದೊಡ್ಡ ಎಕ್ಸರೇ ಉಲ್ಟಾ. ಅದು ಚರ್ಮವನ್ನು ದಾಟಿ ಒಳಗೆ ಹೋದ ಮೇಲೆ ಜೋರಾಗುತ್ತದೆ. ಅದಕ್ಕೇ ಚರ್ಮದ ಮೇಲೆ ಮೇಣವನ್ನೋ ಒದ್ದೆ ಗಾಜ್ ಬಟ್ಟೆಯನ್ನೋ ಇಟ್ಟು ‘ಇದೇ ಚರ್ಮ’ ಅಂತ ಕಿರಣಕ್ಕೆ ಮೋಸ ಮಾಡುತ್ತೇವೆ. ತೋಟಪಟ್ಟಿಯವರು ಹೇಳಿದ ಮೇಣ ಕಿವಿಯ ಹಿಂದೆ ಇದ್ದದ್ದು ಬೇರೆ ಕಾರಣಕ್ಕೆ. ಕಿವಿ ದಾಟಿದ ಕಿರಣ ಹಿಂದಿನ ತಲೆಗೆ ಹೋಗದಂತೆ ಅಲ್ಲೇ ಹೀರಿಕೊಳ್ಳಲಿ ಅಂತ. ಮೂಗಿಗಾದರೆ ಹೊರಳೆಯ ಒಳಗೂ ಮೇಣ ಸವರಿದ ಸೀಸದ ತುಂಡು ಇಡುವುದುಂಟು. ಕಣ್ಣಿನ ರೆಪ್ಪೆಯ ಮೇಲೆ ಆದವರಿಗೆ ಮರಗಟ್ಟುವ ಹನಿ ಬಿಟ್ಟು ರೆಪ್ಪೆಯ ಅಡಿಗೇ ಸಣ್ಣ ಕವಚ ಇಡುತ್ತಾರೆ.

20 ಸಿಟ್ಟಿಂಗ್ ಯಾಕೆ, ಒಂದೇ ಸಲ ಯಾಕೆ ಕೊಡಬಾರದು? ಕಿರಣ ಒಳ್ಳೆಯ ಜೀವಕೋಶಕ್ಕೂ ಪೆಟ್ಟು ಕೊಡುತ್ತದೆ, ಆದರೆ ಅದು ರಾತ್ರಿ ಬೆಳಗಾಗುವುದರೊಳಗೆ ತನ್ನನ್ನು ರಿಪೇರಿ ಮಾಡಿಕೊಳ್ಳುತ್ತದೆ. ಕ್ಯಾನ್ಸರಿನ ಕೋಶಕ್ಕೆ ಆ ರಿಪೇರಿ ಅಷ್ಟು ಬರುವುದಿಲ್ಲ. 20 ಸಿಟ್ಟಿಂಗಿಗೆ ಒಟ್ಟು 50ರಿಂದ 55 ಗ್ರೇ (ಡೋಸಿನ ಅಳತೆ), ಇಲ್ಲವೇ 30-33 ಸಿಟ್ಟಿಂಗಿಗೆ 60-66 ಗ್ರೇ, ಹೀಗೆ ಲೆಕ್ಕ. ತೀರಾ ವಯಸ್ಸಾಗಿ ದಿನಾ ಬರಲಾಗದವರಿಗೆ ಐದಾರು ದೊಡ್ಡ ಸಿಟ್ಟಿಂಗಿನಲ್ಲೂ ಮುಗಿಸುತ್ತಾರೆ, ಕಲೆ ಸ್ವಲ್ಪ ಜಾಸ್ತಿ ಉಳಿಯಬಹುದು.

ಇನ್ನೊಂದು ಮಾತು. ಮೂಗುತಿ ತೆಗೆಯಬೇಕಾಗುತ್ತದೆ. ಲೋಹಕ್ಕೆ ಕಿರಣ ತಾಗಿ ಚದುರಿದರೆ ಪಕ್ಕದ ಚರ್ಮಕ್ಕೆ ಡೋಸು ಏರುಪೇರಾಗುತ್ತದೆ. ಈಗಲೇ ಹೇಳಿಡಿ, ಆ ದಿನ ಬೆಳಿಗ್ಗೆ ಟೇಬಲ್ ಮೇಲೆ ಮಲಗಿಸಿ ಹೇಳಿದರೆ ಅಳುತ್ತಾರೆ. ನೋಡಿದ್ದೇನೆ.

ಆಗರದ ಮಗಳು, ಕುಮಟಾ
ಮಂಗಳವಾರ ಬೆಳಿಗ್ಗೆ 7:02

ಅಯ್ಯೋ ಮೂಗುತಿ. ಅದು ಮದುವೆಯಾದಾಗ ಹಾಕಿದ್ದು, 58 ವರ್ಷದಿಂದ ಒಮ್ಮೆಯೂ ತೆಗೆದಿಲ್ಲ. ತಿರುಪು ತುಕ್ಕು ಹಿಡಿದ ಹಾಗೆ ಕೂತುಬಿಟ್ಟಿದೆ.

ಬೇಲೆಕೇರಿ ಬಂದರು
ಮಂಗಳವಾರ ಬೆಳಿಗ್ಗೆ 7:10

ಚಿನ್ನಕ್ಕೆ ತುಕ್ಕು ಹಿಡಿಯುವುದಿಲ್ಲ. ನಿಮ್ಮ ಅಜ್ಜ ಎಲ್ಲಿ ಕೊಂಡದ್ದು ಅಂತ ವಿಚಾರಿಸಿ 😄

ದಾಖಲೆ ಕೊಡಿ
ಮಂಗಳವಾರ ಬೆಳಿಗ್ಗೆ 9:25

ಎಲ್ಲರೂ ರೇಡಿಯೇಶನ್ನಿನ ಕಡೆಗೇ ವಾಲುತ್ತಿದ್ದೀರಿ, ಅದಕ್ಕೆ ಇನ್ನೊಂದು ಕಡೆಯದ್ದೂ ಇರಲಿ. ಮುಖದ ಬೇಸಲ್ ಸೆಲ್ ಕ್ಯಾನ್ಸರಿಗೆ ಫ್ರಾನ್ಸಿನಲ್ಲಿ 347 ಜನರ ಮೇಲೆ ಚೀಟಿ ಎತ್ತಿದ ಹಾಗೆ ಹಂಚಿ ಹೋಲಿಸಿ ನೋಡಿದ್ದಾರೆ, 1997ರಲ್ಲಿ ಪ್ರಕಟವಾಯಿತು. ನಾಲ್ಕು ವರ್ಷಕ್ಕೆ ಆಪರೇಷನ್ ಆದವರಲ್ಲಿ 0.7%, ರೇಡಿಯೇಶನ್ ಆದವರಲ್ಲಿ 7.5% ಜನಕ್ಕೆ ಗುಣವಾಗದೆ ಉಳಿಯಿತು ಅಥವಾ ಮರುಕಳಿಸಿತು. ಹತ್ತು ಪಟ್ಟು. ನೋಡಲು ಚೆಂದ ಯಾವುದು ಅಂತ ಕೇಳಿದರೂ ಆಪರೇಷನ್ನೇ ಮುಂದೆ. ಕುಯ್ದು ತೆಗೆದರೆ ಅಂಚಿನವರೆಗೂ ಬಂತಾ ಇಲ್ಲವಾ ಅಂತ ಮೈಕ್ರೋಸ್ಕೋಪಿನಲ್ಲಿ ನೋಡಬಹುದು. ಕಿರಣ ಕೊಟ್ಟರೆ ನೋಡಲು ತುಂಡೇ ಇರುವುದಿಲ್ಲ, ಕಾಯಬೇಕು ಅಷ್ಟೇ.

ತೋಟಪಟ್ಟಿ, ಶಿರಸಿ
ಮಂಗಳವಾರ ಬೆಳಿಗ್ಗೆ 9:58

ಅದರಲ್ಲೇ ಇನ್ನೊಂದು ಲೆಕ್ಕವೂ ಇದೆ ಅಲ್ವಾ. 100ರಲ್ಲಿ 92 ಜನಕ್ಕೆ ಬರೀ ಕಿರಣದಿಂದಲೇ ವಾಸಿ ಆಯಿತು ಅಂತ. 76 ವರ್ಷದ, ಹಾರ್ಟ್ ಪೇಶಂಟಿಗೆ ನಾನು ಆ 92ನ್ನು ನೋಡುತ್ತೇನೆ, ನೀವು 7.5 ನೋಡುತ್ತೀರಿ.

ಮೆಷಿನ್ ರೂಮು
ಮಂಗಳವಾರ ಮಧ್ಯಾಹ್ನ 1:40

ಊಟದ ಬಿಡುವಿನಲ್ಲಿ ಬರೆಯುತ್ತಿದ್ದೇನೆ. ದಾಖಲೆಯವರು ಹೇಳಿದ್ದು ಸರಿ. ನಮ್ಮ ಡಾಕ್ಟರೂ ಹಾಗೇ ಹೇಳುತ್ತಾರೆ: ಕುಯ್ಯಲು ಸುಲಭ ಇದ್ದರೆ ಕುಯ್ಯಿರಿ. ಆದರೆ ಆ ಅಧ್ಯಯನದಲ್ಲಿ ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಕೊಟ್ಟದ್ದು ಚರ್ಮದೊಳಗೆ ತಂತಿ ಸೇರಿಸಿ ಕೊಡುವ ಬ್ರಾಕಿಥೆರಪಿ, ಈಗಿನ ಎಲೆಕ್ಟ್ರಾನ್ ಅಲ್ಲ. ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಈಗಲೂ ಬ್ರಾಕಿ ಇದೆ, ಚರ್ಮದ ಮೇಲೆ ಅಚ್ಚು ಇಟ್ಟು ಅದರ ನಳಿಗೆಯೊಳಗೆ ಕಿರಣ ಸೂಸುವ ಇರಿಡಿಯಂ ಲೋಹ ಓಡಿಸುತ್ತಾರೆ, ಉಬ್ಬುತಗ್ಗಿನ ಜಾಗಕ್ಕೆ ಚೆನ್ನಾಗಿ ಕೂರುತ್ತದೆ.

ಮತ್ತೆ ಇದು ಒಂದೇ ಬಾಣ. ಒಂದು ಸಲ ಪೂರ್ತಿ ಡೋಸು ಕೊಟ್ಟ ಜಾಗಕ್ಕೆ ಮತ್ತೆ ಅಷ್ಟೇ ಕೊಡಲು ಆಗುವುದಿಲ್ಲ. ಮರುಕಳಿಸಿದರೆ ಆಮೇಲೆ ಚಾಕುವೇ ಗತಿ, ಕಿರಣ ಬಿದ್ದ ಚರ್ಮ ಹೊಲಿಗೆಗೆ ಅಷ್ಟು ಚೆನ್ನಾಗಿ ಕೂಡುವುದೂ ಇಲ್ಲ. ಆಪರೇಷನ್ ಮೊದಲು ಆದರೆ ಕಿರಣ ಕೈಯಲ್ಲಿ ಉಳಿದಿರುತ್ತದೆ. ಅಂಚಿನಲ್ಲಿ ಉಳಿದರೆ, ನರದ ಗುಂಟ ಹೋಗಿದ್ದರೆ, ಆಪರೇಷನ್ ಆದ ಮೇಲೂ ಕಿರಣ ಕೊಡುತ್ತಾರೆ.

ಕಾಳಿ ದಂಡೆ, ಕಾರವಾರ
ಮಂಗಳವಾರ ಮಧ್ಯಾಹ್ನ 2:15

ಹಣೆಯ ಚರ್ಮದಿಂದ ಮೂಗು ಮಾಡುವುದು ನಮ್ಮ ಸುಶ್ರುತನದ್ದೇ ವಿದ್ಯೆ. ಹೆದರುವುದು ಏನಿದೆ, ಮಾಡಿಸಿ.

ದಾಖಲೆ ಕೊಡಿ
ಮಂಗಳವಾರ ಮಧ್ಯಾಹ್ನ 2:31

ಸುಶ್ರುತ ಸಂಹಿತೆಯಲ್ಲಿ ಇರುವುದು ಕೆನ್ನೆಯ ಚರ್ಮ. ಹಣೆಯದ್ದು ಆಮೇಲೆ ನಮ್ಮ ದೇಶದ ಕಸುಬುದಾರರು ಮಾಡುತ್ತಿದ್ದದ್ದು. ಟಿಪ್ಪು ಮತ್ತು ಇಂಗ್ಲಿಷರ ಯುದ್ಧದಲ್ಲಿ ಕಾವಸ್‌ಜಿ ಅನ್ನುವ ಎತ್ತಿನ ಗಾಡಿಯವನ ಮೂಗು ಕೊಯ್ದಿದ್ದರು. ಅವನಿಗೆ ಹಣೆಯ ಚರ್ಮದಿಂದ ಮೂಗು ಮಾಡಿದ ಸುದ್ದಿ 1794ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಚಿತ್ರದ ಸಮೇತ ಬಂದ ಮೇಲೇ ಯುರೋಪಿನವರು ಕಲಿತದ್ದು.

ಕಾಳಿ ದಂಡೆ, ಕಾರವಾರ
ಮಂಗಳವಾರ ಮಧ್ಯಾಹ್ನ 2:33

ಕೆನ್ನೆಯೋ ಹಣೆಯೋ, ನಮ್ಮದೇ ಅಲ್ವಾ ಮಾರಾಯ.

ಕದ್ರಾ ಕಡೆಯವ
ಮಂಗಳವಾರ ಸಂಜೆ 5:50

ಒಂದು ಪ್ರಶ್ನೆ, ಯಾರೂ ಸಿಟ್ಟು ಮಾಡಬೇಡಿ. ಕೈಗಾ ಅಣುಸ್ಥಾವರ ಬಂದಾಗಿನಿಂದ ನಮಗೆ ಹೇಳಿಕೊಟ್ಟದ್ದು ರೇಡಿಯೇಶನ್ ಅಂದರೆ ಕ್ಯಾನ್ಸರ್ ಬರಿಸುವುದು ಅಂತ. ಈಗ ಅದೇ ಕ್ಯಾನ್ಸರಿಗೆ ಮದ್ದು ಅನ್ನುತ್ತೀರಿ. ಎರಡರಲ್ಲಿ ಒಂದು ಸುಳ್ಳಿರಬೇಕು.

ಮೆಷಿನ್ ರೂಮು
ಮಂಗಳವಾರ ಸಂಜೆ 7:35

ಎರಡೂ ನಿಜ. ಎಡಿಸನ್ನನ ಸಹಾಯಕ ಕ್ಲಾರೆನ್ಸ್ ಡ್ಯಾಲಿ ದಿನಾ ಎಕ್ಸರೇ ಕೊಳವೆಯ ಮುಂದೆ ತನ್ನ ಕೈಯನ್ನೇ ಹಿಡಿದು ಪರೀಕ್ಷೆ ಮಾಡುತ್ತಿದ್ದ. ಕೈಯ ಚರ್ಮಕ್ಕೆ ಕ್ಯಾನ್ಸರ್ ಬಂತು, ಕೈ ಕತ್ತರಿಸಿದರು, 1904ರಲ್ಲಿ ಸತ್ತ. ಅದಕ್ಕೂ ಐದು ವರ್ಷ ಮೊದಲು, 1899ರಲ್ಲಿ, ಸ್ವೀಡನ್ನಿನ ಸ್ಟೆನ್‌ಬೆಕ್ ಅನ್ನುವ ಡಾಕ್ಟರ್ ಅದೇ ಎಕ್ಸರೇಯಿಂದ ಒಬ್ಬ ಹೆಂಗಸಿನ ಚರ್ಮದ ಕ್ಯಾನ್ಸರ್ ಗುಣ ಮಾಡಿದ್ದ. ಅದೂ ಮೂಗಿನ ಮೇಲಿನದ್ದೇ! ರಾಂಟ್ಜನ್ ಎಕ್ಸರೇ ಕಂಡುಹಿಡಿದು ನಾಲ್ಕೇ ವರ್ಷ ಆಗಿತ್ತು.

ಎಷ್ಟು, ಎಲ್ಲಿ, ಯಾರಿಗೆ ಅನ್ನುವುದರ ಮೇಲೆ ಹೋಗುತ್ತದೆ. 1950ರ ದಶಕದಲ್ಲಿ ಇಸ್ರೇಲಿನಲ್ಲಿ ಮಕ್ಕಳ ತಲೆಯ ಹುಳುಕಡ್ಡಿಗೆ ಎಕ್ಸರೇ ಕೊಟ್ಟಿದ್ದರು, ಎಷ್ಟೋ ವರ್ಷದ ಮೇಲೆ ಅವರ ತಲೆಯಲ್ಲಿ ಬೇಸಲ್ ಸೆಲ್ ಕ್ಯಾನ್ಸರ್ ಜಾಸ್ತಿ ಕಂಡಿತು. ಅದಕ್ಕೇ ಸಣ್ಣ ವಯಸ್ಸಿನವರಿಗೆ ಚರ್ಮಕ್ಕೆ ಕಿರಣ ಕೊಡಲು ಹಿಂದೆಮುಂದೆ ನೋಡುತ್ತಾರೆ. ಬಿಸಿಲು ಸೋಕಿದರೇ ಚರ್ಮ ಕೆಡುವ ಕ್ಸೆರೋಡರ್ಮಾ ಅನ್ನುವ ಹುಟ್ಟುಕಾಯಿಲೆಯವರಿಗೆ, ಮೈತುಂಬಾ ಬೇಸಲ್ ಸೆಲ್ ಬರುವ ಗೊರ್ಲಿನ್ ಅನ್ನುವ ವಂಶದ ಕಾಯಿಲೆಯವರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ, ಇನ್ನಷ್ಟು ಕ್ಯಾನ್ಸರ್ ಬರಬಹುದು. 76ರ ಆಯಿಗೆ ಇಪ್ಪತ್ತು ವರ್ಷದ ಮೇಲಿನ ಭಯ ಬೇಕಾ, ನೀವೇ ಹೇಳಿ.

ಬೇಲೆಕೇರಿ ಬಂದರು
ಮಂಗಳವಾರ ಸಂಜೆ 7:48

ಕೈಗಾ ಅಂದಾಗ ನೆನಪಾಯಿತು. 1ನೇ ಘಟಕ 2018ರಲ್ಲಿ 962 ದಿನ ನಿಲ್ಲದೆ ಓಡಿ ದಾಖಲೆ ಮಾಡಿತಲ್ಲ. ಮಳೆಗಾಲದಲ್ಲಿ ನಮ್ಮ ಮನೆಯ ಕರೆಂಟು 962 ನಿಮಿಷ ನಿಲ್ಲದೆ ಬಂದರೆ ನಾನು ಸತ್ಯನಾರಾಯಣ ಕಥೆ ಮಾಡಿಸುತ್ತೇನೆ.

ಕದ್ರಾ ಕಡೆಯವ
ಮಂಗಳವಾರ ಸಂಜೆ 7:55

ನಮ್ಮದು ಘಟಕದ ಬುಡದಲ್ಲೇ ಇದೆ. ನಮಗೂ ಅದೇ ಕಥೆ 😂

ದೇವಿಮನೆ ತಿರುವು
ಮಂಗಳವಾರ ರಾತ್ರಿ 8:30

ನಗು ಬದಿಗಿರಲಿ. ಯಾರೂ ಮುಖ್ಯ ವಿಷಯ ಹೇಳಲಿಲ್ಲ. ಕಿರಣ ಎರಡು ನಿಮಿಷ, ದಾರಿ ಆರು ತಾಸು. ಕಾರವಾರದವರು ಗೋವಾಕ್ಕೆ, ಕುಮಟಾ ಹೊನ್ನಾವರದವರು ಮಣಿಪಾಲ ಮಂಗಳೂರಿಗೆ, ಘಟ್ಟದ ಮೇಲಿನವರು ಹುಬ್ಬಳ್ಳಿಗೆ. ದಿನಾ ಹೋಗಿ ಬರುತ್ತೇನೆ ಅಂದರೆ 76ರ ಜೀವ ಸೊರಗಿ ಹೋಗುತ್ತದೆ. ನನ್ನ ದೊಡ್ಡಪ್ಪ ಹಾಗೇ ಮಾಡಿದರು, ಹನ್ನೊಂದನೇ ಸಿಟ್ಟಿಂಗಿಗೆ ‘ಸಾಕು’ ಅಂತ ಬಿಟ್ಟರು. ನಡುವೆ ಬಿಡುವುದು ಶುರು ಮಾಡದಿರುವುದಕ್ಕಿಂತ ಕೆಟ್ಟದ್ದು ಅಂತ ಆಮೇಲೆ ಡಾಕ್ಟರು ಬೈದರು. ಅವರು ಬೈದದ್ದು ನನಗೆ ಇನ್ನೂ ಸಿಟ್ಟಿದೆ. ಬಿಟ್ಟದ್ದು ಸೋಮಾರಿತನಕ್ಕಲ್ಲ, ಸೀಟಿಲ್ಲದ ಬಸ್ಸಿಗೆ.

2022ರ ಜುಲೈಯಲ್ಲಿ ಶಿರೂರು ಟೋಲಿನಲ್ಲಿ ಆಂಬುಲೆನ್ಸ್ ಮಗುಚಿ ನಾಲ್ಕು ಜನ ಹೋದಾಗ ನಮ್ಮ ಉತ್ತರ ಕನ್ನಡ ಜಿಲ್ಲೆ ಇಡೀ ಆಸ್ಪತ್ರೆ ಬೇಕು ಅಂತ ಕೂಗಿತು. ಆಮೇಲೆ?

ಕಾಳಿ ದಂಡೆ, ಕಾರವಾರ
ಮಂಗಳವಾರ ರಾತ್ರಿ 8:41

ಶಿರೂರು ಅಂದರೆ ಗುಡ್ಡ ಕುಸಿದದ್ದು ಅಲ್ವಾ?

ದೇವಿಮನೆ ತಿರುವು
ಮಂಗಳವಾರ ರಾತ್ರಿ 8:44

ಅದು ಅಂಕೋಲೆಯ ಶಿರೂರು, 2024ರ ಜುಲೈ. ಟೋಲಿನದ್ದು ಬೈಂದೂರಿನ ಶಿರೂರು. ಹೆಸರು ಒಂದೇ, ಹಣೆಬರಹವೂ ಒಂದೇ.

ಹೊನ್ನಾವರದ ನರ್ಸಮ್ಮ
ಮಂಗಳವಾರ ರಾತ್ರಿ 9:20

ದಾರಿಯ ವಿಷಯಕ್ಕೆ ಎರಡು ಉಪಯೋಗದ ಮಾತು. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ, ಎಪಿಎಲ್ ಆದರೆ ಪ್ಯಾಕೇಜಿನ 30%. ಇಲ್ಲಿನ ಸರ್ಕಾರಿ ಆಸ್ಪತ್ರೆಯ ರೆಫರಲ್ ಕಾಗದ ಮರೆಯಬೇಡಿ, ಅಲ್ಲಿಗೆ ಹೋದ ಮೇಲೆ ಅದಕ್ಕಾಗಿ ಒಬ್ಬರು ವಾಪಸ್ ಬರಬೇಕಾಗುತ್ತದೆ. ರೈಲಿನಲ್ಲಿ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಥರ್ಡ್ ಎಸಿ ಟಿಕೆಟ್ ಪೂರ್ತಿ ಮಾಫಿ, ಜೊತೆಗೆ ಹೋಗುವವರಿಗೆ 75% ಕಡಿಮೆ. ಆಸ್ಪತ್ರೆಯವರು ಒಂದು ಫಾರಂ ತುಂಬಿ ಸೀಲ್ ಹಾಕಿ ಕೊಡುತ್ತಾರೆ, ಕೇಳಿದರೆ ಮಾತ್ರ. ಉಳಿಯಲು ಹತ್ತಿರದಲ್ಲಿ ಧರ್ಮಶಾಲೆ ಇದೆಯಾ ಅಂತ ಅಲ್ಲಿನ ಸಮಾಜ ಕಾರ್ಯಕರ್ತರನ್ನು ಕೇಳಿ.

ಆ ನಾಲ್ಕು ವಾರ ಮೂಗಿಗೆ ಅರಿಶಿನ, ಸುಣ್ಣ, ವಿಭೂತಿ ಯಾವುದೂ ಬೇಡ. ಅವರು ಕೊಟ್ಟ ಮುಲಾಮು ಬಿಟ್ಟು ಬೇರೆ ಹಚ್ಚಬೇಡಿ. ಬಿಸಿಲಿಗೆ ಹೋದರೆ ಸೆರಗು ಮುಂದೆ ಎಳೆದುಕೊಳ್ಳಲಿ.

ಮರಾಠಿಕೊಪ್ಪ
ಮಂಗಳವಾರ ರಾತ್ರಿ 10:05

ಇದರ ಜೊತೆ ನನ್ನದೂ ಒಂದು. ನನ್ನ ಮಾವನಿಗೆ ಸಣ್ಣವರಿದ್ದಾಗ ಅಡಿಕೆ ಬೇಯಿಸುವ ಹಂಡೆಯ ಬೆಂಕಿ ತಾಗಿ ಮೊಣಕಾಲು ಸುಟ್ಟಿತ್ತು. ಆ ಕಲೆಯಲ್ಲೇ ನಲವತ್ತು ವರ್ಷದ ಮೇಲೆ ಹುಣ್ಣಾಯಿತು, ವಾಸಿ ಆಗಲೇ ಇಲ್ಲ. ಅದೂ ಚರ್ಮದ ಕ್ಯಾನ್ಸರೇ. ಅವರಿಗೆ ಕಿರಣ ಕೊಡಿಸೋಣ ಅಂತ ನಾವೇ ಹಟ ಮಾಡಿದೆವು, ಡಾಕ್ಟರು ಬೇಡ ಅಂದರು. ಯಾಕೆ?

ಮೆಷಿನ್ ರೂಮು
ಮಂಗಳವಾರ ರಾತ್ರಿ 10:22

ಅದಕ್ಕೆ ಮಾರ್ಜೊಲಿನ್ ಹುಣ್ಣು ಅನ್ನುತ್ತಾರೆ. ಹಳೆಯ ಸುಟ್ಟ ಕಲೆಯಲ್ಲಿ ರಕ್ತ ಓಡಾಟ ಕಡಿಮೆ. ರಕ್ತ ಕಡಿಮೆ ಅಂದರೆ ಆಮ್ಲಜನಕ ಕಡಿಮೆ, ಆಮ್ಲಜನಕ ಇಲ್ಲದ ಕಡೆ ಕಿರಣದ ಕೆಲಸ ಅರ್ಧಂಬರ್ಧ. ಅಲ್ಲಿ ಕುಯ್ಯುವುದೇ ಮೊದಲು. ಕಾಶ್ಮೀರದಲ್ಲಿ ಕಾಂಗ್ಡಿ ಅನ್ನುವ ಕೆಂಡದ ಬುಟ್ಟಿಯನ್ನು ಫೆರನ್ ಅನ್ನುವ ನಿಲುವಂಗಿಯ ಒಳಗೆ ಇಟ್ಟುಕೊಂಡವರ ತೊಡೆ, ಹೊಟ್ಟೆಗೂ ಹೀಗೇ ಬರುತ್ತದೆ.

ಹೊನ್ನಾವರದ ನರ್ಸಮ್ಮ
ಮಂಗಳವಾರ ರಾತ್ರಿ 10:30

ಧೋತರ ಬಿಗಿದು ಕಟ್ಟುವ ಸೊಂಟದಲ್ಲಿ ಬರುವ ಕ್ಯಾನ್ಸರನ್ನು 1945ರಲ್ಲೇ ಮುಂಬೈಯಲ್ಲಿ ಬರೆದಿಟ್ಟಿದ್ದಾರೆ. ಸೀರೆಯ ಲಂಗದ ಲಾಡಿಯದ್ದೂ ಅದೇ. ಸೊಂಟದ ಕಪ್ಪು ಪಟ್ಟಿಯಲ್ಲಿ ವಾಸಿಯಾಗದ ಹುಣ್ಣು ಇದ್ದರೆ ತೋರಿಸಿ, ನಾಚಿಕೆ ಬೇಡ.

ಪಡುವಣ ಗಾಳಿ
ಮಂಗಳವಾರ ರಾತ್ರಿ 11:14

ನನ್ನ ತಮ್ಮನ ಹಿಮ್ಮಡಿಯಲ್ಲಿ ಕಪ್ಪು ಕಲೆ ಇದೆ, ಈಗ ಅಂಚು ಹರಡುತ್ತಿದೆ. ಅವನಿಗೂ ಈ ಕಿರಣ ಆಗುತ್ತದಾ?

ಹೊನ್ನಾವರದ ನರ್ಸಮ್ಮ
ಮಂಗಳವಾರ ರಾತ್ರಿ 11:17

ಕಿರಣದ ಯೋಚನೆ ಆಮೇಲೆ. ನಾಳೆ ಬೆಳಿಗ್ಗೆಯೇ ಚರ್ಮದ ಡಾಕ್ಟರಿಗೆ ತೋರಿಸಿ. ನಮ್ಮ ಜನಕ್ಕೆ ಮೆಲನೋಮಾ ಅನ್ನುವ ಜೋರಿನ ಚರ್ಮದ ಕ್ಯಾನ್ಸರ್ ಬರುವುದು ಹೆಚ್ಚಾಗಿ ಅಂಗಾಲು, ಉಗುರಿನ ಬುಡದಲ್ಲೇ. ಅದು ಬೇಸಲ್ ಸೆಲ್ಲಿನ ಹಾಗೆ ವರ್ಷಗಟ್ಟಲೆ ಕಾಯುವುದಿಲ್ಲ. ಅದಕ್ಕೆ ಮೊದಲು ಆಪರೇಷನ್, ಕಿರಣ ಬರುವುದು ಗಂಟಿಗೆ ಹೋಗಿದ್ದರೆ, ಮೆದುಳಿಗೆ ಹೋಗಿದ್ದರೆ. ಏನೂ ಅಲ್ಲದೆಯೂ ಇರಬಹುದು, ಆದರೆ ನಾಳೆ ಅಂದರೆ ನಾಳೆ.

ಪಡುವಣ ಗಾಳಿ
ಮಂಗಳವಾರ ರಾತ್ರಿ 11:18

ಸರಿ ಅಕ್ಕಾ. ಹೊರಟೆ.

ಆಗರದ ಮಗಳು, ಕುಮಟಾ
ಶನಿವಾರ ರಾತ್ರಿ 8:50

ಎಲ್ಲರಿಗೂ ಉತ್ತರ ಕೊಡಲು ಆಗಲಿಲ್ಲ, ಕ್ಷಮಿಸಿ. ಗುರುವಾರ ಆಪರೇಷನ್ ಡಾಕ್ಟರು, ರೇಡಿಯೇಶನ್ ಡಾಕ್ಟರು ಇಬ್ಬರನ್ನೂ ಒಂದೇ ದಿನ ನೋಡಿದೆವು. ‘ದಾಖಲೆ ಕೊಡಿ’ಯವರ 0.7, 7.5 ಬರೆದುಕೊಂಡು ಹೋಗಿದ್ದೆ. ಆಪರೇಷನ್ ಡಾಕ್ಟರು ಲೆಕ್ಕ ಸರಿ ಅಂದರು. ಆದರೆ ಆಯಿಯ ಮೂಗಿನ ರೆಕ್ಕೆಯ ತುದಿಯೇ ಹೋಗುತ್ತದೆ, ಮೂರು ವಾರ ಹಣೆಯಿಂದ ಮೂಗಿಗೆ ಚರ್ಮದ ಸೇತುವೆ ಇಟ್ಟುಕೊಂಡೇ ಇರಬೇಕು, ರಕ್ತ ತೆಳು ಮಾಡುವ ಆ ಮಾತ್ರೆ ನಿಲ್ಲಿಸಲು ಹಾರ್ಟಿನವರು ಒಪ್ಪುತ್ತಿಲ್ಲ ಅಂತ ಅವರೇ ಹೇಳಿ ರೇಡಿಯೇಶನ್ನಿಗೆ ಕಳಿಸಿದರು. ಪದರ ಪದರವಾಗಿ ತೆಗೆದು ಆಗಲೇ ಮೈಕ್ರೋಸ್ಕೋಪಿನಲ್ಲಿ ನೋಡುವ ಮೋಹ್ಸ್ ಅನ್ನುವ ಆಪರೇಷನ್ ಇದೆಯಂತೆ, ಅದು ನಮ್ಮ ಕಡೆ ಸಿಗುವುದಿಲ್ಲ.

ಆಯಿಯನ್ನು ಒಪ್ಪಿಸಿದ್ದು ಮಾತ್ರ ಯಾವ ಡಾಕ್ಟರೂ ಅಲ್ಲ. ತೋಟಪಟ್ಟಿಯವರ ಅಪ್ಪಯ್ಯ ‘ಯಾವಾಗ ಶುರು ಮಾಡ್ತಾರಂತೆ’ ಅಂದದ್ದನ್ನು ಎರಡು ಸಲ ಓದಿಸಿಕೊಂಡಳು.

ಇವತ್ತು ಮೂಗುತಿ ತೆಗೆಸಿದೆವು. ಪೇಟೆಯ ಅಕ್ಕಸಾಲಿ ಮನೆಗೇ ಬಂದಿದ್ದರು. ತೆಂಗಿನೆಣ್ಣೆ ಬಿಟ್ಟು ಅರ್ಧ ತಾಸು ಕಾದರು, ತಿರುಪು ಬಿಡಲಿಲ್ಲ. ಕೊನೆಗೆ ಹೊರಳೆಯ ಒಳಗೆ ಬೆಂಡಿನ ಚೂರು ಇಟ್ಟು ಸಣ್ಣ ಇಕ್ಕುಳದಿಂದ ಕಡ್ಡಿ ತುಂಡರಿಸಿದರು. ಟಕ್ ಅಂತ ಸದ್ದಾಯಿತು. ಆಯಿ ಕಣ್ಣು ಬಿಟ್ಟು ಮೊದಲು ಕೇಳಿದ್ದು, ‘ತೂಕ ಎಷ್ಟಿದೆ?’

ಬೇಲೆಕೇರಿ ಬಂದರು
ಶನಿವಾರ ರಾತ್ರಿ 8:58

ತುಕ್ಕು ಇತ್ತಾ?

ಆಗರದ ಮಗಳು, ಕುಮಟಾ
ಶನಿವಾರ ರಾತ್ರಿ 9:03

ತಿರುಪು ತಾಮ್ರದ್ದು! ಹರಳಿನ ಭಾಗ ಮಾತ್ರ ಚಿನ್ನ. ಆಯಿ ಈಗ ಸತ್ತುಹೋದ ಅಜ್ಜನಿಗೆ ಬೈಯುತ್ತಾ ಕೂತಿದ್ದಾಳೆ. ಮೂರು ತಿಂಗಳಾದ ಮೇಲೆ ತೂತು ಮುಚ್ಚಿರದಿದ್ದರೆ ಪೂರ್ತಿ ಚಿನ್ನದ್ದೇ ಹಾಕಿಸಬೇಕಂತೆ.

ಮೆಷಿನ್ ರೂಮು
ಶನಿವಾರ ರಾತ್ರಿ 9:30

ತೂತು ಮುಚ್ಚಿದ್ದರೆ ಕಿರಣ ಬಿದ್ದ ಕಡೆ ಹೊಸದಾಗಿ ಚುಚ್ಚಿಸಬೇಡಿ, ಹುಣ್ಣಾದರೆ ಮಾಯುವುದು ನಿಧಾನ. ಬಲಗಡೆ ಹಾಕಿಸಿ.

ಆಗರದ ಮಗಳು, ಕುಮಟಾ
ಶನಿವಾರ ರಾತ್ರಿ 9:34

ಹೇಳಿದೆ. ‘ಬಲಗಡೆ ಆದರೆ ಎರಡೂ ಕಡೆ ಹಾಕಿಸುತ್ತೇನೆ’ ಅನ್ನುತ್ತಾಳೆ. ಸೋಮವಾರ ಬೆಳಿಗ್ಗೆ ರೈಲು. ಮುಖವಾಡದ ದಿನ ಫೋಟೋ ತೆಗೆಯಲು ಬಿಟ್ಟರೆ ಹಾಕುತ್ತೇನೆ.